ಎಡಕ್ಕೆ ಎಳೆಯುತ್ತಿದ್ದ ಕಾರು

ಕಾರು ಎಡಕ್ಕೆ ಎಳೆಯುತ್ತಿದೆ ಎಂದು ನನಗೆ ಮೊದಲು ಹೇಳಿದ್ದು ನನ್ನ ಕೈ. ಕೊಕ್ಕಡಕ್ಕೆ ಹೋಗಿ ಬಂದ ದಿನ ಸಂಜೆ ಬಲಗೈಯ ಮಣಿಕಟ್ಟು ನೋಯುತ್ತಿತ್ತು. ಯೋಚಿಸಿ ನೋಡಿದರೆ ದಾರಿಯುದ್ದಕ್ಕೂ ಸ್ಟೇರಿಂಗನ್ನು ಬಲಕ್ಕೆ ಹಿಡಿದೆಳೆದುಕೊಂಡೇ ಬಂದಿದ್ದೆ. ಹಿಡಿತ ಸ್ವಲ್ಪ ಸಡಿಲವಾದರೆ ಸಾಕು, ಕಾರು ಮೆಲ್ಲಗೆ ರಸ್ತೆಯಂಚಿನ ಮಣ್ಣಿಗೆ ಇಳಿಯಲು ನೋಡುತ್ತಿತ್ತು. ತಂಗಿಯ ಹೆರಿಗೆಯೆಂದು ಎರಡು ವಾರ ಪುತ್ತಿಗೆಯ ತವರಿನಲ್ಲಿದ್ದು ನಾನು ಆಗಷ್ಟೇ ಮರಳಿದ್ದೆ. ಅಣ್ಣ ಬಂದು ಕರೆದುಕೊಂಡು ಹೋಗಿದ್ದರಿಂದ ಕಾರು ಇಲ್ಲಿಯೇ ಇತ್ತು. ನಿಂತ ಕಾರಿಗೆ ಏನಾಗುತ್ತದೆ, ಒಂದು ಚಕ್ರದಲ್ಲಿ ಗಾಳಿ ಕಡಿಮೆಯಾಗಿರಬೇಕು ಅಂದುಕೊಂಡೆ. ಗಾಳಿ ತುಂಬಿಸಿದೆ. ಮರುದಿನವೂ ಎಡಕ್ಕೇ ಎಳೆಯಿತು.

ನನ್ನ ಕೆಲಸ ಫಿಸಿಯೋಥೆರಪಿ. ವಾರದಲ್ಲಿ ಮೂರು ದಿನ ಮೂಡುಬಿದಿರೆಯ ಒಂದು ಕ್ಲಿನಿಕ್ಕಿನಲ್ಲಿ ಕೂರುತ್ತೇನೆ. ಉಳಿದ ದಿನಗಳಲ್ಲಿ ಬಂಟ್ವಾಳ, ಬೆಳ್ತಂಗಡಿ ಕಡೆಯ ಮನೆಗಳಿಗೆ ನಾನೇ ಹೋಗುತ್ತೇನೆ. ಪಾರ್ಶ್ವವಾಯು ಬಡಿದು ಮಲಗಿದವರು, ಸೊಂಟದ ಮೂಳೆ ಮುರಿದವರು, ಮಂಡಿ ಬದಲಾಯಿಸಿಕೊಂಡು ಮೆಟ್ಟಲು ಹತ್ತಲಾಗದವರು, ಇವರಿಗೆ ಬಸ್ಸು ಹಿಡಿದು ಬನ್ನಿ ಎಂದು ಹೇಳಲಾಗುತ್ತದೆಯೇ? ನಮ್ಮ ಮನೆ ಪುಂಜಾಲಕಟ್ಟೆಯ ಪೇಟೆಯಿಂದ ಸ್ವಲ್ಪ ಒಳಗೆ. ಅಲ್ಲಿಂದ ಎಲ್ಲ ದಿಕ್ಕಿಗೂ ಕಾರೇ ನನ್ನ ಕಾಲು. ಗಂಡ ಗಲ್ಫಿನಲ್ಲಿ, ಒಂದು ಕಂಪೆನಿಯ ಸ್ಟೋರಿನ ಕೆಲಸ. ಮನೆಯಲ್ಲಿ ನಾನು, ಗಂಡನ ತಾಯಿ, ಮತ್ತು ಬೆಳ್ತಂಗಡಿಯಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ಮೈದುನ. ಗಂಡನ ತಾಯಿಯನ್ನು ನಾನು ಮಾಮಿ ಎನ್ನುತ್ತೇನೆ.

ಚಕ್ರಗಳ ಅಲೈನ್‌ಮೆಂಟ್ ನೋಡುವ ಅಂಗಡಿಗೆ ಹೋದೆ. ಅದು ಯಾವ ಪೇಟೆಯಲ್ಲಿದೆ ಎಂದು ಬರೆಯುವುದಿಲ್ಲ. ಅಂಗಡಿಯವನು ನಾಲ್ಕೂ ಚಕ್ರಗಳಿಗೆ ಏನೇನೋ ಸಿಕ್ಕಿಸಿ, ಕಂಪ್ಯೂಟರಿನಲ್ಲಿ ಕೆಂಪಿದ್ದದ್ದನ್ನು ಹಸಿರು ಮಾಡಿ, ಆಯಿತು ಮೇಡಂ ಅಂದ. ಹೊರಗೆ ಬಂದು ಒಂದು ಫರ್ಲಾಂಗು ಹೋಗುವುದರೊಳಗೆ ಕಾರು ಎಡಕ್ಕೆ ಹೊರಳಿತು. ಈಗ ಅದರ ಜೊತೆಗೆ ಸ್ಟೇರಿಂಗೂ ವಾರೆಯಾಗಿತ್ತು. ತಿರುಗಿಸಿಕೊಂಡು ಮತ್ತೆ ಅಂಗಡಿಗೇ ಬಂದೆ. ರಸ್ತೆಯೇ ಎಡಕ್ಕೆ ವಾಲಿದೆ, ನೀರು ಹರಿದು ಹೋಗಲಿಕ್ಕೆ ಹಾಗೆ ಮಾಡಿರುತ್ತಾರೆ ಎಂದು ಪಾಠ ಹೇಳಿದ. ಮುಂದಿನ ವಾರ ಮತ್ತೆ ಹೋದೆ. ಈ ಸಲ ಅವನು ಕಾರನ್ನು ಮಿಶಿನಿಗೆ ಹತ್ತಿಸಲೇ ಇಲ್ಲ. ನನ್ನನ್ನು ನೋಡಿ, ಎಡ ಮುಂದಿನ ಟೈರಿನ ಹೊರ ಅಂಚು ಸವೆದದ್ದನ್ನು ಬೆರಳಿನಿಂದ ತೋರಿಸಿದ.

"ಇದು ಮಿಶಿನಿನ ತಪ್ಪಲ್ಲ ಮೇಡಂ. ಓಡಿಸುವುದರಲ್ಲಿ ಉಂಟು. ಗುಂಡಿ ನೋಡಿ ಇಳಿಸ್ಬೇಕು. ಮನೆಯಲ್ಲಿ ಗಂಡಸರು ಯಾರಿದ್ದಾರೆ? ಅವರಿಗೊಮ್ಮೆ ಫೋನ್ ಕೊಡಿ."

ನಾನು ಕೊಡುವುದಿಲ್ಲ ಎನ್ನಬೇಕಿತ್ತು. ಅಲ್ಲಿ ಬೈಕಿನ ಟೈರು ಬದಲಾಯಿಸಲು ಬಂದ ಇಬ್ಬರು ನಿಂತು ಕೇಳುತ್ತಿದ್ದರು. ಮುಖ ಬಿಸಿಯಾಯಿತು. ಬೇಗ ಮುಗಿಯಲಿ ಎಂದು ಗಂಡನಿಗೆ ಫೋನು ಹಚ್ಚಿ ಅವನ ಕೈಗೆ ಕೊಟ್ಟೆ. ಅವನು ಫೋನು ಹಿಡಿದು ಆಚೆ ಹೋಗಿ ತುಂಬ ಹೊತ್ತು ನಗುತ್ತಾ ಮಾತಾಡಿದ. ವಾಪಸು ಕೊಟ್ಟಾಗ ನನ್ನ ಗಂಡ ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ. "ಅವರು ಹೇಳುವುದು ಸರಿ ಉಂಟು. ನೀನು ಸ್ವಲ್ಪ ನಿಧಾನ ಹೋಗು. ದೂರದ ಮನೆಗಳನ್ನು ಬಿಟ್ಟುಬಿಡು."

ಅಂಗಡಿಯವನ ಮಾತಿಗಿಂತ ಆ ಮಾತೇ ನನ್ನೊಳಗೆ ನಾಟಿತು. ಹನ್ನೊಂದು ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ಚಾರ್ಮಾಡಿ ಘಾಟಿ ಹತ್ತಿದ್ದೇನೆ. ಆದರೂ ಆ ಮೇಲೆ ಒಂದೊಂದು ಗುಂಡಿ ಬಂದಾಗಲೂ ನನ್ನ ಕೈ ಅನುಮಾನಿಸತೊಡಗಿತು. ಎದುರಿನಿಂದ ಬಸ್ಸು ಬಂದರೆ ಬೇಕಾದದ್ದಕ್ಕಿಂತ ಮೊದಲೇ ಬದಿಗೆ ಸರಿಯುತ್ತಿದ್ದೆ. ಹಿಂದಿನವರು ಹಾರ್ನು ಹೊಡೆಯುತ್ತಿದ್ದರು. ನಿಜವಾಗಿ ನನಗೆ ಓಡಿಸಲು ಬರುವುದಿಲ್ಲವೇನೋ ಎಂದು ನಾನೇ ನಂಬುವ ಹಂತಕ್ಕೆ ಬಂದೆ. ಹಾಗೆ ಕೊಕ್ಕಡದ ಮನೆಗೆ ಹೋಗುವುದನ್ನು ನಿಲ್ಲಿಸಿದೆ.

ಕೊಕ್ಕಡದಲ್ಲಿ ರಬ್ಬರ್ ತೋಟದ ಪಕ್ಕದ ಮನೆಯೊಂದರಲ್ಲಿ ಪಾರ್ಶ್ವವಾಯು ಬಡಿದ ಒಬ್ಬ ಅಮ್ಮ ಇದ್ದರು. ಎಡಗೈ ಆಗಷ್ಟೇ ಭುಜದಿಂದ ಮೇಲೆ ಬರತೊಡಗಿತ್ತು. ಇನ್ನೊಂದು ತಿಂಗಳು ಬಿಡದೆ ಮಾಡಿಸಿದ್ದರೆ ತಾನೇ ತಲೆ ಬಾಚಿಕೊಳ್ಳುತ್ತಿದ್ದರು. ಬೇರೆ ಯಾರನ್ನಾದರೂ ಕಳಿಸುತ್ತೇನೆ ಎಂದು ಅವರ ಮಗಳಿಗೆ ಫೋನು ಮಾಡಿ ಹೇಳಿದೆ. ಕಳಿಸಲು ಯಾರೂ ಸಿಗಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಎದ್ದವಳಿಗೆ ಸಿಟ್ಟು ನೆತ್ತಿಗೇರಿತ್ತು. ಚಕ್ರ ನೇರವಿದೆಯೋ ಇಲ್ಲವೋ ಎಂದು ನೋಡಲು ಯಾರದೋ ಮಿಶಿನು, ಯಾರದೋ ನಗು ಯಾಕೆ ಬೇಕು? ಅದೂ ಒಂದು ಅಳತೆಯೇ ತಾನೇ. ಮೊಬೈಲಿನಲ್ಲಿ ಹುಡುಕಿದೆ. ದಾರ ಕಟ್ಟಿ ನೋಡುವ ಕ್ರಮವೊಂದಿತ್ತು. ಕಾರಿನ ಎರಡೂ ಬದಿಗೆ, ಚಕ್ರದ ನಡುಮಧ್ಯದ ಎತ್ತರಕ್ಕೆ, ಮುಂದಿನಿಂದ ಹಿಂದಿನವರೆಗೆ ಬಿಗಿಯಾಗಿ ಒಂದೊಂದು ದಾರ. ಆ ದಾರದಿಂದ ಚಕ್ರದ ರಿಮ್ಮಿನ ಮುಂದಿನ ಅಂಚಿಗೆ ಎಷ್ಟು, ಹಿಂದಿನ ಅಂಚಿಗೆ ಎಷ್ಟು ಎಂದು ಅಳೆಯಬೇಕು. ಎರಡರ ನಡುವೆ ಇರುವ ವ್ಯತ್ಯಾಸವೇ ಚಕ್ರ ಒಳಮುಖವಾಗಿದೆಯೋ ಹೊರಮುಖವಾಗಿದೆಯೋ ಎಂದು ಹೇಳುತ್ತದೆ. ಸರಿಪಡಿಸಲು ಚಕ್ರದ ಹಿಂದೆ ಟೈ ರಾಡ್ ಎಂಬ ಸಲಾಕೆ ಇದೆ. ನಟ್ಟು ಸಡಿಲಿಸಿ ಅದನ್ನು ತಿರುಗಿಸಿದರೆ ಆಯಿತು. ಇಷ್ಟೇ.

ಪುಂಜಾಲಕಟ್ಟೆಯ ಹಾರ್ಡ್‌ವೇರ್ ಅಂಗಡಿಯಿಂದ ಗಾಳ ಹಾಕುವ ನೈಲಾನ್ ದಾರ ಮತ್ತು ಸ್ಟೀಲಿನ ಅಳತೆಪಟ್ಟಿ ತಂದೆ. ಮನೆಯಲ್ಲಿದ್ದ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳನ್ನು ಕಾರಿನ ನಾಲ್ಕು ಮೂಲೆಗೆ ಇಟ್ಟು ದಾರ ಕಟ್ಟಿದೆ. ಮಾಮಿ ಮನೆಮುಂದಿನ ಸಿಟೌಟಿನಲ್ಲಿ ಕೂತು ನೋಡುತ್ತಿದ್ದರು. ಒಬ್ಬಳಿಂದ ಆಗುವುದಿಲ್ಲ ಎಂದು ಗೊತ್ತಾಗಿ, ದಾರದ ಈ ತುದಿ ಹಿಡಿಯುತ್ತೀರಾ ಎಂದು ಕೇಳಿದೆ. ಅವರು ಎದ್ದು ಬಂದರು. ಯಾಕೆ, ಏನು ಎಂದು ಕೇಳಲಿಲ್ಲ. ಮಾಮಿ ಹೆಚ್ಚು ಮಾತಿನವರಲ್ಲ.

ಬೆಳಿಗ್ಗೆ ಅಳೆದಾಗ ಎಡ ಚಕ್ರ ಎರಡು ಮಿಲಿಮೀಟರು ಒಳಮುಖ. ಮಧ್ಯಾಹ್ನ ಊಟ ಮಾಡಿ ಬಂದು ಅಳೆದರೆ ಮೂರು ಹೊರಮುಖ. ಕಾರನ್ನು ಯಾರೂ ಮುಟ್ಟಿರಲಿಲ್ಲ. ಮತ್ತೆ ಅಳೆದೆ, ಬೇರೆಯೇ ಸಂಖ್ಯೆ. ಯಾವುದನ್ನು ನಂಬುವುದು? ಬೆಳಗಿನದನ್ನು ನಂಬಿ ಟೈ ರಾಡ್ ಸ್ವಲ್ಪ ತಿರುಗಿಸಿದೆ. ಓಡಿಸಿ ನೋಡಿದರೆ ಮೊದಲಿಗಿಂತ ಹಾಳು. ಸ್ಟೇರಿಂಗ್ ಇನ್ನೂ ವಾರೆಯಾಯಿತು. ವಾಪಸು ತಿರುಗಿಸಿದೆ, ಎಲ್ಲಿಂದ ಶುರು ಮಾಡಿದ್ದೆ ಎಂಬುದೇ ತಪ್ಪಿಹೋಯಿತು. ಮರುವಾರವೂ ಇದೇ. ಅಳೆದಷ್ಟು ಸಲ ಅಷ್ಟು ಉತ್ತರ. ಗಾಳಿಗೆ ಕುರ್ಚಿಯೊಂದು ಜರುಗಿ ದಾರ ಜೋತುಬಿದ್ದಾಗ ನಾನು ಆ ಕುರ್ಚಿಯನ್ನು ಎತ್ತಿ ಬಾವಿಕಟ್ಟೆಯ ಕಡೆ ಎಸೆದೆ. ಅದರ ಕಾಲು ಮುರಿಯಿತು.

ಮೈದುನ ಆ ಹೊತ್ತಿಗೆ ಬೈಕಿನಲ್ಲಿ ಬಂದ. ಮುರಿದ ಕುರ್ಚಿ ನೋಡಿ, ಇದೆಲ್ಲ ಮಿಶಿನಿನಲ್ಲೇ ಸರಿ ಆಗದ್ದು, ದಾರದಲ್ಲಿ ಎಲ್ಲಿ ಆಗುತ್ತದೆ, ಈ ಕಾರು ಕೊಟ್ಟು ಬೇರೆ ತೆಗೆಯುವ ಎಂದು ಅಣ್ಣನಿಗೆ ಹೇಳುತ್ತೇನೆ ಎಂದ. ಅವನು ನನ್ನ ಮುಖ ನೋಡದೆ ಇದನ್ನು ಹೇಳಿ ಒಳಗೆ ಹೋದ. ನನಗೆ ಆಗ ಅದು ತಾತ್ಸಾರ ಅನಿಸಿತು. ಮಾಮಿ ಮಾತ್ರ ದಾರದ ತುದಿ ಕೈಯಲ್ಲಿ ಹಿಡಿದು ಹಾಗೆಯೇ ನಿಂತಿದ್ದರು.

ಬುದ್ಧಿ ಬಂದದ್ದು ನನ್ನದೇ ಕೆಲಸದ ನಡುವೆ. ಮೂಡುಬಿದಿರೆಯ ಕ್ಲಿನಿಕ್ಕಿನಲ್ಲಿ ಹೊಸದಾಗಿ ಸೇರಿದವಳೊಬ್ಬಳು ಒಬ್ಬರ ಮಂಡಿ ಎಷ್ಟು ಮಡಚುತ್ತದೆ ಎಂದು ಅಳೆಯುತ್ತಿದ್ದಳು. ಹಿಂದಿನ ವಾರ ಅವರನ್ನು ಮಂಚದ ಮೇಲೆ ಮಲಗಿಸಿ ಅಳೆದಿದ್ದಳು, ಈ ವಾರ ಕುರ್ಚಿಯಲ್ಲಿ ಕೂರಿಸಿ. ಮಂಡಿ ಮೊದಲಿಗಿಂತ ಕಡಿಮೆ ಮಡಚುತ್ತಿದೆ ಎಂದು ಬರೆಯಹೊರಟಿದ್ದಳು. ನಾನು ಗದರಿಸಿದೆ. ಅದೇ ಮಂಚ, ಅದೇ ಭಂಗಿ, ಚರ್ಮದ ಮೇಲೆ ಅದೇ ಗುರುತು, ಅಳೆಯುವ ಕೈಯೂ ಒಂದೇ ಇರಬೇಕು. ಮೂರು ಸಲ ಒಂದೇ ಬಂದರೆ ಮಾತ್ರ ಅದು ಅಳತೆ, ಇಲ್ಲದಿದ್ದರೆ ಅಂದಾಜು ಎಂದೆ. ಹೇಳುತ್ತಿದ್ದ ಹಾಗೆ ನನ್ನ ಕುರ್ಚಿ, ದಾರ ನೆನಪಾಯಿತು. ರೋಗಿಯ ಮಂಡಿಗೆ ಇರುವ ಶಿಸ್ತು ನನ್ನ ಅಂಗಳದಲ್ಲಿ ಎಲ್ಲಿತ್ತು? ಸಿಟ್ಟಿನಲ್ಲಿ ಅಳೆಯುತ್ತಿದ್ದೆ, ಸಿಟ್ಟಿನಲ್ಲಿ ತಿರುಗಿಸುತ್ತಿದ್ದೆ.

ಮುಂದಿನ ಭಾನುವಾರ ಟೈ ರಾಡ್ ಮುಟ್ಟುವುದಿಲ್ಲ ಎಂದು ನಿಶ್ಚಯಿಸಿಕೊಂಡೆ. ಮೊದಲು ಅಳತೆ ನಿಲ್ಲಬೇಕು. ಅಂಗಳದ ಸಿಮೆಂಟು ಬಾವಿಯ ಕಡೆಗೆ ಇಳಿಜಾರು. ಉದ್ದದ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ ಮಟ್ಟ ನೋಡಿ, ತಗ್ಗಿದ್ದ ಚಕ್ರಗಳ ಕೆಳಗೆ ಹಳೆಯ ಟೈಲ್ಸು ಹಾಕಿದೆ. ಚಕ್ರಗಳು ನಿಲ್ಲುವ ಜಾಗಕ್ಕೆ ಬಿಳಿ ಪೈಂಟಿನಲ್ಲಿ ಗುರುತು ಮಾಡಿದೆ. ನಾಲ್ಕೂ ಟೈರುಗಳಿಗೆ ಬೆಳಿಗ್ಗೆಯೇ, ಓಡಿಸುವ ಮೊದಲು, ಒಂದೇ ಗಾಳಿ. ರಿವರ್ಸಿನಲ್ಲಿ ತಂದು ನಿಲ್ಲಿಸಿದರೆ ಚಕ್ರಗಳು ಒಂದು ಕಡೆ ಎಳೆದುಕೊಂಡು ಕೂರುತ್ತವೆ, ಮುಂದಕ್ಕೆ ಉರುಳಿಸಿ ತಂದರೆ ಇನ್ನೊಂದು ಕಡೆ. ಹಾಗಾಗಿ ಯಾವಾಗಲೂ ಮುಂದಕ್ಕೇ ಉರುಳಿಸಿ, ಬ್ರೇಕು ಒತ್ತದೆ ಮೆಲ್ಲಗೆ ನಿಲ್ಲಿಸಿ, ಸ್ಪ್ರಿಂಗುಗಳು ತಮ್ಮ ಜಾಗಕ್ಕೆ ಕೂರಲಿ ಎಂದು ಕಾರಿನ ಮೂಗನ್ನು ನಾಲ್ಕು ಸಲ ಕೆಳಗೆ ಒತ್ತಿ ಬಿಟ್ಟೆ. ಮುಂದಿನ ಚಕ್ರಗಳ ಕೆಳಗೆ ಎರಡೆರಡು ಪದರ ಪ್ಲಾಸ್ಟಿಕ್ ಹಾಳೆಗಳ ನಡುವೆ ಎಣ್ಣೆ ಸವರಿ ಹಾಕಿದ್ದೆ, ರಬ್ಬರು ನೆಲವನ್ನು ಕಚ್ಚಿ ಹಿಡಿಯಬಾರದು ಎಂದು. ಸ್ಟೇರಿಂಗನ್ನು ನೇರ ಮಾಡಿ ಹಳೆಯ ಶಾಲಿನಿಂದ ಸೀಟಿಗೆ ಕಟ್ಟಿದೆ.

ಕುರ್ಚಿಗಳನ್ನು ಬಿಟ್ಟೆ. ಎರಡು ಪಿವಿಸಿ ಪೈಪುಗಳಲ್ಲಿ ಒಂದೇ ಅಂತರಕ್ಕೆ ಗರಗಸದಿಂದ ಗೀರು ಹಾಕಿ, ಒಂದನ್ನು ಕಾರಿನ ಮುಂದೆ, ಒಂದನ್ನು ಹಿಂದೆ, ಸಿಮೆಂಟು ಬ್ಲಾಕುಗಳ ಮೇಲೆ ಅಡ್ಡ ಇಟ್ಟೆ. ದಾರ ಆ ಗೀರಿನಲ್ಲೇ ಕೂತರೆ ಎರಡೂ ಬದಿಯ ದಾರಗಳು ಒಂದಕ್ಕೊಂದು ಸಮಾನಾಂತರ. ಇನ್ನೊಂದು ತಪ್ಪೂ ಕಂಡಿತು. ಅಳತೆಪಟ್ಟಿಯನ್ನು ನಾನು ಒಮ್ಮೆ ಮೇಲಿನಿಂದ, ಒಮ್ಮೆ ಬದಿಯಿಂದ ಓದುತ್ತಿದ್ದೆ. ಈಗ ಕುಕ್ಕರುಗಾಲಿನಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ದಾರದ ನೇರಕ್ಕೆ ಕಣ್ಣಿಟ್ಟು ಓದಿದೆ. ರಿಮ್ಮು ಎಲ್ಲಾದರೂ ಸೊಟ್ಟವಿದ್ದರೆ ಎಂದು ಕಾರನ್ನು ಚಕ್ರ ಅರ್ಧ ಸುತ್ತುವಷ್ಟು ಉರುಳಿಸಿ, ಗುರುತುಗಳನ್ನೂ ಹೊಸದಾಗಿ ಹಾಕಿ ಇನ್ನೊಮ್ಮೆ ಅಳೆದು, ಎರಡರ ಸರಾಸರಿ ತೆಗೆದೆ. ಮಾಮಿ ನಾನು ಹೇಳಿದಲ್ಲಿ ಹೇಳಿದ ಹಾಗೆ ದಾರ ಬಿಗಿ ಹಿಡಿದರು.

ಮೊದಲ ಸಲ ಬಂದ ಸಂಖ್ಯೆಯನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದೆ. ಕಾರನ್ನು ಗೇಟಿನವರೆಗೆ ಒಯ್ದು ಮತ್ತೆ ತಂದು ನಿಲ್ಲಿಸಿ, ಎಲ್ಲ ಮೊದಲಿನಿಂದ ಕಟ್ಟಿ ಅಳೆದೆ. ಅದೇ ಸಂಖ್ಯೆ. ಮೂರನೆಯ ಸಲವೂ ಅದೇ. ನಾನು ನೆಲದಲ್ಲೇ ಕೂತುಬಿಟ್ಟೆ. ಅಷ್ಟು ವಾರಗಳಲ್ಲಿ ಮೊದಲ ಬಾರಿಗೆ ನನ್ನ ಕೈ ಹೇಳಿದ್ದನ್ನು ನಾನು ನಂಬಬಹುದಿತ್ತು.

ಈಗ ಟೈ ರಾಡ್ ತಿರುಗಿಸಿದ್ದಕ್ಕೆ ತಕ್ಕ ಹಾಗೆ ಸಂಖ್ಯೆ ಬದಲಾಯಿತು. ಎರಡೂ ಮುಂದಿನ ಚಕ್ರಗಳನ್ನು ಕಾರಿನ ಪುಸ್ತಕದಲ್ಲಿದ್ದ ಹಾಗೆ ತಂದು ನಿಲ್ಲಿಸಿದೆ. ಸ್ಟೇರಿಂಗ್ ನೇರವಾಯಿತು. ಸಂತೋಷದಿಂದ ಬೆಳ್ತಂಗಡಿಯ ರಸ್ತೆಗೆ ಒಯ್ದೆ. ಕಾರು ಎಡಕ್ಕೆ ಎಳೆಯಿತು.

ಹಿಂದಿನ ದಿನಗಳಾಗಿದ್ದರೆ ನಾನು ಅತ್ತುಬಿಡುತ್ತಿದ್ದೆ, ಅಥವಾ ಇನ್ನೊಂದು ಕುರ್ಚಿ ಮುರಿಯುತ್ತಿದ್ದೆ. ಆದರೆ ಈಗ ಅಳತೆ ಸರಿಯಿದೆ ಎಂದು ನನಗೆ ಗೊತ್ತಿತ್ತು. ಅಳತೆ ಸರಿಯಿದ್ದೂ ಎಳೆಯುತ್ತದೆಂದರೆ ಕಾಯಿಲೆ ನಾನು ಅಳೆಯದ ಜಾಗದಲ್ಲಿದೆ. ಕುಂಟುತ್ತಾ ಬರುವವರಿಗೆ ನಾವು ಮೊದಲು ಮಾಡುವುದೇನು? ಎರಡೂ ಕಾಲುಗಳ ಉದ್ದ ಅಳೆಯುವುದು. ಸೊಂಟದ ಮೂಳೆಯಿಂದ ಪಾದದ ಗಂಟಿನವರೆಗೆ, ಒಮ್ಮೆ ಬಲ, ಒಮ್ಮೆ ಎಡ. ನಾನು ಅಳತೆಪಟ್ಟಿ ಬಿಟ್ಟು ಉದ್ದದ ಟೇಪು ತಂದೆ. ಬಲ ಬದಿಯಲ್ಲಿ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗೆ ಅಳೆದೆ. ಆಮೇಲೆ ಎಡ ಬದಿ. ಮಾಮಿ ಹಿಂದಿನ ಚಕ್ರದ ಹತ್ತಿರ ಟೇಪಿನ ತುದಿ ಒತ್ತಿ ಹಿಡಿದಿದ್ದರು.

ಎಡಗಡೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಗಿಡ್ಡ.

ಮೂರು ಸಲ ಅಳೆದೆ. ಮೂರು ಸಲವೂ ಅಷ್ಟೇ ಗಿಡ್ಡ. ಎಡ ಮುಂದಿನ ಚಕ್ರ ತನ್ನ ಜಾಗದಿಂದ ಹಿಂದಕ್ಕೆ ಹೋಗಿತ್ತು. ಗುಂಡಿಗೆ ಇಳಿದು ಏಳುವ ಚಕ್ರ ಇಷ್ಟು ಹಿಂದೆ ಹೋಗುವುದಿಲ್ಲ. ಎದುರಿನಿಂದ ಗಟ್ಟಿ ಏನೋ ತಾಗಿರಬೇಕು. ಬಗ್ಗಿ ರಿಮ್ಮನ್ನು ನೋಡಿದೆ. ಉಳಿದ ಮೂರಕ್ಕೆ ಇದ್ದ ತುಕ್ಕಿನ ಕಲೆ ಅದಕ್ಕಿರಲಿಲ್ಲ. ಇಷ್ಟು ದಿನ ಅದಕ್ಕೆ ಅಳತೆಪಟ್ಟಿ ತಾಗಿಸುತ್ತಿದ್ದೆ, ಅದರ ಬಣ್ಣ ನೋಡಿರಲಿಲ್ಲ.

"ಇದು ಎಲ್ಲಿಗೋ ಹೊಡೆದಿದೆ ಮಾಮಿ," ಎಂದೆ. "ನಾನು ಎಲ್ಲಿಗೂ ಹೊಡೆದಿಲ್ಲ."

ಮಾಮಿ ಟೇಪಿನ ತುದಿ ಬಿಡಲಿಲ್ಲ. ಕೂತಲ್ಲಿಂದಲೇ ಹೇಳಿದರು. "ನೀನಲ್ಲ. ನೀನು ಪುತ್ತಿಗೆಯಲ್ಲಿ ಇರುವಾಗ ಅವನು ಕಾರು ಕೊಂಡುಹೋದ. ಯಾರದೋ ಮದುವೆಗೆ. ಮೋರಿಯ ಕಲ್ಲಿಗೆ ಗುದ್ದಿದ."

ಅವನು ಎಂದರೆ ಮೈದುನ. ಮತ್ತೇನು ಎಂದು ಕೇಳಿದೆ. ಮಾಮಿ ತಡೆತಡೆದು ಎಲ್ಲ ಹೇಳಿದರು. ಚಕ್ರ ಸೊಟ್ಟಗಾಗಿ ಕಾರನ್ನು ಎಳೆಸಿಕೊಂಡು ಬಂದದ್ದು, ಅಣ್ಣನಿಗೆ ಫೋನು ಮಾಡಿದ್ದು, ಅವಳು ಬರುವ ಮೊದಲು ರಿಮ್ಮು ಬದಲಾಯಿಸಿ ಬಿಡು, ಹೇಳಿದರೆ ದೊಡ್ಡ ಗಲಾಟೆಯಾಗುತ್ತದೆ ಎಂದು ನನ್ನ ಗಂಡ ಹೇಳಿದ್ದು. ತಾಯಿಗೂ ಹಾಗೆಯೇ ಹೇಳಿದ್ದರು. ಮಕ್ಕಳಿಬ್ಬರೂ ಹೇಳಬೇಡ ಅಂದ ಮೇಲೆ ನಾನು ಏನು ಮಾಡುವುದು ಎಂದರು ಮಾಮಿ.

ಎಷ್ಟು ಭಾನುವಾರ ಅವರು ನನ್ನೊಡನೆ ಬಿಸಿಲಿನಲ್ಲಿ ನಿಂತಿದ್ದರು, ನಾನು ಮಾಡದ ತಪ್ಪನ್ನು ದಾರ ಕಟ್ಟಿ ಹುಡುಕುವಾಗ ಆ ದಾರದ ಇನ್ನೊಂದು ತುದಿ ಅವರ ಕೈಯಲ್ಲೇ ಇತ್ತು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೊರಗೆ ಮಾಮಿ ದಾರವನ್ನು ಸುತ್ತಿ, ಪೈಪುಗಳನ್ನು ಗೋಡೆಗೆ ಒರಗಿಸಿ ಇಡುತ್ತಿದ್ದ ಸದ್ದು ಕೇಳುತ್ತಿತ್ತು. ಆ ಸದ್ದಿಗೂ ಸಿಟ್ಟು ಬಂತು.

ಮೈದುನ ಮಧ್ಯಾಹ್ನ ಊಟಕ್ಕೆ ಬಂದಾಗ ಕೇಳಿದೆ. ಅವನು ಇಲ್ಲವೆನ್ನಲಿಲ್ಲ. ಅಣ್ಣ ಹೇಳಬೇಡ ಅಂದದ್ದು ಎಂದ, ಅಷ್ಟೇ. ಬಡಿಸಿದ ಅನ್ನ ಬಿಟ್ಟು ಹೋದ. ಗಂಡನಿಗೆ ಫೋನು ಮಾಡಿದೆ. ಮೊದಲು ಯಾರು ಹೇಳಿದ್ದು ಎಂದು ಕೇಳಿದರು. ಅದು ಅವರ ಮೊದಲ ಪ್ರಶ್ನೆ.

"ಟೇಪು ಹೇಳಿತು," ಎಂದೆ. "ಆ ಅಂಗಡಿಯವನು ನನಗೆ ಓಡಿಸಲಿಕ್ಕೆ ಬರುವುದಿಲ್ಲ ಅಂದಾಗ ನಿಮಗೆ ಗೊತ್ತಿತ್ತಲ್ಲ?"

"ಅದು ನಿನಗೆ ಬೇಜಾರಾಗ್ತದೆ ಅಂತ. ಅವನಿಗೂ ನಿನಗೂ ಮಾತು ಬೆಳೆಯುವುದು ಬೇಡ ಅಂತ."

"ನಾನು ಕೊಕ್ಕಡ ಬಿಟ್ಟೆ. ನೀವು ಬಿಡು ಅಂದದ್ದಕ್ಕೆ ಬಿಟ್ಟೆ. ಬೇಜಾರು ಆಗಬಾರದು ಅಂತ ಅದನ್ನೂ ಹೇಳಿದ್ದಾ?"

ಅವರು, ಈಗ ಏನು ಖರ್ಚಾಗುತ್ತದೋ ಮಾಡಿಸು, ಕಳಿಸುತ್ತೇನೆ ಎಂದರು. ನಾನು ಫೋನು ಇಟ್ಟೆ. ನನ್ನ ಕೈಯನ್ನು ನಾನೇ ನಂಬದ ಹಾಗೆ ಮಾಡಿದ ಮನುಷ್ಯ ಗ್ಯಾರೇಜಿನ ಖರ್ಚಿನ ಮಾತಾಡುತ್ತಿದ್ದರು. ಒಂದು ಕಲ್ಲಿಗೆ ಕಾರು ಗುದ್ದುವುದು ಯಾರಿಂದಲೂ ಆಗಬಹುದು. ಮೈದುನನ ಮೇಲೆ ಆ ಸಿಟ್ಟು ಹೆಚ್ಚು ದಿನ ಉಳಿಯುತ್ತಿರಲಿಲ್ಲ. ಆದರೆ ಕಾರು ಬಾಗಿದ್ದು ಗೊತ್ತಿದ್ದೂ, ಇಲ್ಲ, ಬಾಗಿರುವುದು ನೀನು ಎಂದು ಹೆಂಡತಿಗೆ ಹೇಳುವುದಕ್ಕೆ ಬೇರೆಯೇ ಧೈರ್ಯ ಬೇಕು.

ಬಿ.ಸಿ. ರೋಡಿನ ಒಂದು ಗ್ಯಾರೇಜಿಗೆ ಒಯ್ದು, ಎಡಗಡೆ ಉದ್ದ ಕಡಿಮೆಯಿದೆ, ಕೆಳಗೆ ಏನು ಬಾಗಿದೆ ನೋಡಿ ಎಂದೆ. ಜಾಕಿನಲ್ಲಿ ಎತ್ತಿ, ಚಕ್ರವನ್ನು ಹಿಡಿದಿಡುವ ಕೆಳಗಿನ ಕೈ, ಅವರು ಲೋವರ್ ಆರ್ಮ್ ಎನ್ನುತ್ತಾರೆ, ಅದು ಹಿಂದಕ್ಕೆ ಬಾಗಿರುವುದನ್ನು ತೋರಿಸಿದರು. ಬದಲಾಯಿಸಿ ಕೊಟ್ಟರು. ಅಲೈನ್‌ಮೆಂಟ್ ಇಲ್ಲೇ ಪಕ್ಕದಲ್ಲಿ ಮಾಡಿಸಿಕೊಳ್ಳಿ ಎಂದರು. ಬೇಡ, ಅದು ನಾನು ಮನೆಯಲ್ಲಿ ಮಾಡುತ್ತೇನೆ ಎಂದೆ. ಅವರು ನಗಲಿಲ್ಲ, ಒಪ್ಪಿದ ಹಾಗೂ ಕಾಣಲಿಲ್ಲ.

ಮಾಮಿಯ ಸಹಾಯ ಕೇಳಬಾರದೆಂದು ಹಟ ಹಿಡಿದೆ. ದಾರದ ತುದಿಗೆ ಇಟ್ಟಿಗೆ ಕಟ್ಟಿ ಇಳಿಬಿಟ್ಟು, ಒಬ್ಬಳೇ ಅಳೆಯಹೊರಟೆ. ಇಟ್ಟಿಗೆ ತೂಗಾಡಿ ದಾರ ನಡುಗುತ್ತಿತ್ತು. ಅದು ನಿಲ್ಲುವವರೆಗೆ ಕಾದು ಅಳೆದು, ಇನ್ನೊಂದು ಬದಿಗೆ ಹೋಗುವುದರೊಳಗೆ ಕಾಲು ಪೈಪಿಗೆ ತಾಗಿ ಎಲ್ಲ ಹೋಯಿತು. ಎರಡು ಸಲ ಎರಡು ಉತ್ತರ ಬಂತು. ಮಾಮಿ ಸಿಟೌಟಿನಿಂದ ಇಳಿದು ಬಂದು, ಇಟ್ಟಿಗೆ ಬಿಚ್ಚಿ ಬದಿಗಿಟ್ಟು ದಾರ ಹಿಡಿದರು. ಹೋಗಿ ಎನ್ನಲು ಬಾಯಿ ತೆರೆದೆ. ಅವರ ಕೈ ಅಲುಗುತ್ತಿರಲಿಲ್ಲ. ಅಳೆದೆ. ಅದೇ ಸಂಖ್ಯೆ ಮೂರು ಸಲ ಬಂತು. ಎಡ ಬಲದ ಉದ್ದವೂ ಸಮವಾಗಿತ್ತು. ಆ ದಿನ ಬಂಟ್ವಾಳದವರೆಗೆ ಹೋಗಿ ಬಂದೆ. ನೇರದ ದಾರಿಯಲ್ಲಿ ಕೈ ಸಡಿಲ ಬಿಟ್ಟೆ. ಕಾರು ಹೋಗಬೇಕಾದ ಕಡೆಗೇ ಹೋಯಿತು.

ಕೊಕ್ಕಡದ ಮನೆಗೆ ಮತ್ತೆ ಹೋದೆ. ಆ ಅಮ್ಮನ ಭುಜ ಬಿಗಿದುಕೊಂಡಿತ್ತು. ಕೈಯನ್ನು ಎದೆಮಟ್ಟಕ್ಕೆ ಎತ್ತುವಾಗಲೇ ನೋವಿನಿಂದ ಮುಖ ಹಿಂಡುತ್ತಿದ್ದರು. ನಡುವೆ ಯಾಕೆ ಬರಲಿಲ್ಲ ಎಂದು ಅವರ ಮಗಳು ಕೇಳಿದಳು. ಕಾರು ಕೆಟ್ಟಿತ್ತು ಎಂದು ಹೇಳಿ ಮುಗಿಸಬಹುದಿತ್ತು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಾರನ್ನು ಮೈದುನ ಗುದ್ದಿದ್ದು, ಗಂಡ ಮುಚ್ಚಿಟ್ಟದ್ದು, ತಪ್ಪು ನನ್ನದೆಂದು ನಂಬಿ ನಾನು ಈ ರಸ್ತೆಗೆ ಹೆದರಿದ್ದು. ಅವಳು ಚಹಾ ತಂದುಕೊಟ್ಟಳು. ಆ ಭುಜ ಮತ್ತೆ ಮೊದಲಿನಷ್ಟಕ್ಕೆ ಬರಲಿಲ್ಲ. ಈಗಲೂ ಹೋಗುತ್ತೇನೆ. ತಲೆಯನ್ನು ಮಗಳೇ ಬಾಚುತ್ತಾಳೆ.

ನಾನು ಹೇಳಿದ್ದು ಹೇಗೋ ಸುತ್ತಿ ನಮ್ಮ ಸಂಬಂಧಿಕರ ಕಿವಿಗೆ ಬಿತ್ತು. ಗಂಡ ಫೋನು ಮಾಡಿ, ಮನೆಯ ವಿಷಯ ಊರವರಿಗೆ ಯಾಕೆ ಹೇಳುವುದು ಎಂದರು. ನನಗೆ ಓಡಿಸಲು ಬರುವುದಿಲ್ಲ ಎಂಬುದು ಟೈರಿನ ಅಂಗಡಿಯಲ್ಲಿ ನಿಂತವರಿಗೆಲ್ಲ ಗೊತ್ತಾಗಬಹುದು, ಇದು ಗೊತ್ತಾಗಬಾರದಾ ಎಂದು ಕೇಳಿದೆ. ನೀನು ಈಗ ಎಲ್ಲದಕ್ಕೂ ಜಗಳಕ್ಕೆ ಬರುತ್ತೀ ಎಂದರು.

ಅವರು ರಜೆಯಲ್ಲಿ ಬಂದಾಗ ಮನೆಯಲ್ಲಿ ಊಟವಿತ್ತು. ಅವರ ಕಡೆಯವರು ಬಂದಿದ್ದರು. ಗಂಡಸರೆಲ್ಲ ಚಾವಡಿಯಲ್ಲಿ ಕೂತು ಉಣ್ಣುತ್ತಿದ್ದರು. ನಾನು ಒಳಗಿನಿಂದ ಸಾರಿನ ಪಾತ್ರೆ ತರುತ್ತಿದ್ದೆ. ಮೂಡುಬಿದಿರೆಯ ಅವರ ಭಾವ, ಅಂದರೆ ನಾದಿನಿಯ ಗಂಡ, ಅಂಗಳದಲ್ಲಿದ್ದ ಬಿಳಿ ಗುರುತುಗಳನ್ನು ನೋಡಿ, ಹೆಂಗಸರಿಗೆ ಪಾರ್ಕ್ ಮಾಡಲಿಕ್ಕೂ ಗೆರೆ ಎಳೆದುಕೊಡಬೇಕಲ್ಲ ಮಾರಾಯ, ಎಂದು ನನ್ನ ಗಂಡನಿಗೆ ಹೇಳಿ ನಕ್ಕರು. ಎಲ್ಲರೂ ನಕ್ಕರು. ನಾನು ಬಾಗಿಲಲ್ಲಿ ನಿಂತೆ. ಗಂಡ ಈಗ ಹೇಳುತ್ತಾರೆ ಅಂದುಕೊಂಡೆ. ಅವರ ಕೈ ತಟ್ಟೆಯಲ್ಲಿತ್ತು. ತಲೆ ಎತ್ತಲಿಲ್ಲ. ಮೈದುನ ನೀರಿನ ಲೋಟ ಎತ್ತಿಕೊಂಡ.

ಮಾಮಿ ನನ್ನ ಹಿಂದೆ ಅನ್ನದ ಪಾತ್ರೆ ಹಿಡಿದು ಬಂದಿದ್ದರು. ಬದಿಯಿಂದ ಮುಂದೆ ಹೋದರು.

"ಅದು ಪಾರ್ಕ್ ಮಾಡಲಿಕ್ಕೆ ಅಲ್ಲ," ಎಂದರು. "ಕಾರು ಗುದ್ದಿದ್ದು ಇವನು. ಮುಚ್ಚಿಟ್ಟದ್ದು ಅವನು. ನಾನೂ ಹೇಳಲಿಲ್ಲ. ಇವಳು ಅಳೆದು ಕಂಡುಹಿಡಿದಳು." ಆಮೇಲೆ ಅದೇ ಧ್ವನಿಯಲ್ಲಿ, ಅನ್ನ ಯಾರಿಗೆ ಬೇಕು ಎಂದು ಕೇಳಿದರು.

ಭಾವ ತಟ್ಟೆ ಮುಂದೆ ಮಾಡಿದರು, ಮಾಮಿ ಬಡಿಸಿದರು. ನಾನು ಸಾರು ಬಡಿಸಿದೆ. ಗಂಡನ ತಟ್ಟೆಯ ಹತ್ತಿರ ಬಂದಾಗ ಅವರು, ಸಾಕು ಎಂದು ಕೈ ಅಡ್ಡ ಹಿಡಿದರು. ಕಿವಿ ಕೆಂಪಾಗಿತ್ತು.

ಎಲ್ಲರೂ ಹೋದ ಮೇಲೆ ಅವರು ನನ್ನ ಹತ್ತಿರ ಬಂದು, ತಾನು ಹೇಳಬೇಕಿತ್ತು ಎಂದರು. ಹೌದು, ನೀವೇ ಹೇಳಬೇಕಿತ್ತು ಎಂದೆ. ತಪ್ಪಾಯಿತು ಎಂಬ ಮಾತೂ ಬಂತು, ಆಮೇಲೆ, ಮೆಲ್ಲಗೆ. ಅದನ್ನು ನಾನು ಕೇಳಿಸಿಕೊಂಡೆ. ಸಿಟ್ಟು ಹೋಯಿತೇ ಎಂದು ಯಾರಾದರೂ ಕೇಳಿದರೆ, ಇಲ್ಲ. ಅವರು ಫೋನಿನಲ್ಲಿ ಏನಾದರೂ ಸಮಾಧಾನದ ಮಾತು ಹೇಳಿದಾಗ, ಇದರ ಹಿಂದೆ ಏನಿದೆ ಎಂದು ಈಗಲೂ ನನ್ನ ಮನಸ್ಸು ಹುಡುಕುತ್ತದೆ. ಅದು ಅವರಿಗೂ ಗೊತ್ತಿದೆ. ಮಾಮಿಯ ಜೊತೆ ಮಾತ್ರ ಮಾತು ಮೊದಲಿಗಿಂತ ಸಲೀಸಾಗಿದೆ. ಮಳೆಗಾಲ ಮುಗಿದ ಮೇಲೆ ರಸ್ತೆಗಳೆಲ್ಲ ಹಾಳಾಗಿವೆ, ಒಮ್ಮೆ ಅಳೆದು ನೋಡುವ ಎಂದು ಈ ವರ್ಷ ಮೊದಲು ಹೇಳಿದ್ದು ಅವರೇ.